ಸಾಣೆಪುಡಿ

ಮಾರ್ಚ್ 4

ತಾಯಿಯ ಸ್ಥಾನದಲ್ಲಿರುವ ಅತ್ತಿಗೆಗೆ,

ನೀವು ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಿಮ್ಮ ನಿವೃತ್ತಿಯಾದ ಮೇಲೆ ಪತ್ರ ಬರೆಯಲು ಬಿಡುವಾಗಲಿಲ್ಲ. ಸಂಶೋಧನೆಯ ಕೆಲಸ ಎಂದರೆ ಎಂಥದ್ದು ಎಂದು ದೂರದಿಂದಲಾದರೂ ನೋಡಿದವರು ನೀವು.

ಒಂದು ಸಂತೋಷದ ಸುದ್ದಿ. ಸಂಸ್ಥೆಯಲ್ಲಿ ಕಲ್ಲುಗಳನ್ನಿಡುತ್ತಿದ್ದ ಹಳೆಯ ಕೋಣೆಯನ್ನು ಕೆಡವಿ ದೊಡ್ಡ ಸಭಾಂಗಣ ಕಟ್ಟಿಸಿದ್ದಾರೆ. ಬಾಗಿಲ ಮೇಲೆ ನನ್ನ ಹೆಸರು. ನವೆಂಬರಿನಲ್ಲಿ ಉದ್ಘಾಟನೆ, ಅದೇ ದಿನ ನನಗೆ ಪದಕ. ಒಳಗೆ ಗಾಜಿನ ಪೆಟ್ಟಿಗೆಗಳಲ್ಲಿ ನನ್ನ ಕೆಲಸದ ಕಥೆ ಇರುತ್ತದೆ: ಚಂದ್ರನ ಮಣ್ಣಿನ ಸ್ಲೈಡು, ನಮ್ಮ ಕರಿಗಲ್ಲಿನ ಸ್ಲೈಡು, ಎರಡರಲ್ಲೂ ಸಿಕ್ಕಿದ ಆ ಅವಳಿ ಹರಳು. ಪಕ್ಕದಲ್ಲಿ ಕಲ್ಲು ಕೊಯ್ಯುವ ಕೋಣೆಯ ನೆನಪಿಗೂ ಏನಾದರೂ ಇದ್ದರೆ ಚೆಂದ. ನೀವು ಬರೆದಿಡುತ್ತಿದ್ದ ನೋಟ್‌ಬುಕ್‌ಗಳು ನಿಮ್ಮ ಹತ್ತಿರವೇ ಇವೆ ಎಂದು ಉಗ್ರಾಣದವರು ಹೇಳಿದರು. ಕಟ್ಟಿಡಿ, ಕಾರು ಕಳಿಸುತ್ತೇನೆ. ಓದಿ ತಿಳಿಯುವಂಥದ್ದು ಅವುಗಳಲ್ಲಿ ಏನೂ ಇರಲಾರದು. ಆದರೂ ಹಳೆಯ ಕೈಬರಹವೆಂದರೆ ಜನಕ್ಕೆ ಇಷ್ಟ.

ಸದಾ ನಿಮ್ಮ ಒಳಿತನ್ನೇ ಬಯಸುವ
ಮೈದುನ


ಮಾರ್ಚ್ 13

ಮೈದುನನಿಗೆ,

ನಿನ್ನ ಕಾರು ಬಂದಿತ್ತು. ಚಾಲಕ ಎರಡು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದ. ಕೂರಿಸಿ, ನೀರು ಕೊಟ್ಟು, ಬರಿಗೈಯಲ್ಲಿ ಕಳಿಸಿದೆ.

ಒಂಬತ್ತು ವರ್ಷ ನನ್ನ ನೆನಪಾಗದವನಿಗೆ ನನ್ನ ಕೈಬರಹ ನೆನಪಾಯಿತೆಂದರೆ ಎಲ್ಲೋ ಹೊಗೆಯಾಡುತ್ತಿದೆ. ನೀನು ಕೊನೆಯ ಸಲ ನನ್ನ ಬಗ್ಗೆ ಬಾಯಿ ಬಿಟ್ಟದ್ದು ನನ್ನ ಬೀಳ್ಕೊಡುಗೆಯ ದಿನ. "ನಮ್ಮತ್ತಿಗೆ ಕಲ್ಲು ಕೊಯ್ಯೋ ಕೋಣೇನ ಅಡುಗೆಮನೆ ಥರ ಇಟ್ಕೊಂಡಿದ್ರು" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಪ್ಪತ್ತೆಂಟು ವರ್ಷ ಕಲ್ಲು ಕೊಯ್ದವಳಿಗೆ ಸಿಕ್ಕ ಬಿರುದು ಅದು. ನನ್ನ ಅಡುಗೆ ಹೇಗಿರುತ್ತಿತ್ತು ಎಂದು ನಿನ್ನ ಅಣ್ಣನನ್ನು ಕೇಳಬೇಕಿತ್ತು. ಪಾಪ, ಹೇಳಲು ಅವರಿಲ್ಲ.

ಓದಿ ತಿಳಿಯುವಂಥದ್ದು ಇಲ್ಲವೆಂದೆಯಲ್ಲ, ಕೇಳು. ಹದಿನಾಲ್ಕು ನೋಟ್‌ಬುಕ್. ಪ್ರತಿ ಸಾಲಿನಲ್ಲೂ ಸ್ಲೈಡಿನ ಸಂಖ್ಯೆ, ಯಾವ ಕಲ್ಲು, ಯಾವ ಫಲಕದ ಮೇಲೆ ಉಜ್ಜಿದ್ದು, ಯಾವ ಪುಡಿಯಿಂದ, ಎಷ್ಟು ಹೊತ್ತು. ಕಲ್ಲಿನ ಬಿಲ್ಲೆಯನ್ನು ಗಾಜಿಗೆ ಅಂಟಿಸಿ, ಬೆಳಕು ಹಾಯುವ ತನಕ, ತಲೆಗೂದಲಿಗಿಂತ ತೆಳ್ಳಗೆ ಉಜ್ಜುವುದನ್ನು ಕಲಿಯಲು ನನಗೆ ಮೂರು ವರ್ಷ ಹಿಡಿಯಿತು. ನೀನು ಒಂದೇ ಒಂದು ಸಲ ಕೈ ಹಾಕಿದೆ. ಸ್ಲೈಡನ್ನೂ ಕೆಡಿಸಿದೆ, ಬೆರಳನ್ನೂ ಕೊಯ್ದುಕೊಂಡೆ.

ಸುತ್ತಿ ಬಳಸಿ ಮಾತು ಬೇಡ. ಅವನ್ನು ಯಾರು ಕೇಳುತ್ತಿದ್ದಾರೆ?

ಈಗಲೂ ಅಡುಗೆ ಮಾಡಿಕೊಂಡಿರುವ
ಅತ್ತಿಗೆ


ಏಪ್ರಿಲ್ 2

ಅತ್ತಿಗೆಗೆ,

ನಿಮ್ಮ ನಾಲಿಗೆಗೆ ಇನ್ನೂ ವಯಸ್ಸಾಗಿಲ್ಲ, ಸಂತೋಷ.

ನಿಮಗೆ ತಿಳಿಯುವ ಹಾಗೆ ಹೇಳುತ್ತೇನೆ. ದೂರದ ಒಂದು ಪ್ರಯೋಗಾಲಯದಲ್ಲಿ ಒಬ್ಬಾಕೆ ನಮ್ಮ ಹಳೆಯ ಸ್ಲೈಡು ಎರಡನ್ನು ತರಿಸಿಕೊಂಡು ಹೊಸ ಯಂತ್ರದಲ್ಲಿಟ್ಟು ನೋಡಿದ್ದಾಳೆ. ಆ ಹರಳು ಚಂದ್ರನದೂ ಅಲ್ಲ, ಕರಿಗಲ್ಲಿನದೂ ಅಲ್ಲ, ಕಾರ್ಖಾನೆಯಲ್ಲಿ ತಯಾರಾದ ಕಾರ್ಬೊರಂಡಮ್, ಅಂದರೆ ಕಲ್ಲು ಉಜ್ಜುವ ಸಾಣೆಪುಡಿ ಎನ್ನುತ್ತಾಳೆ. ತಾವು ಏನನ್ನೂ ಕಾಣಲಾರದೆ ಕಂಡವರ ಕಾಲೆಳೆಯುವವರು ಎಲ್ಲ ಕಾಲದಲ್ಲೂ ಇರುತ್ತಾರೆ.

ಆ ಮಣ್ಣಿಗಾಗಿ ನಾನು ಏಳು ವರ್ಷ ಅರ್ಜಿ ಬರೆದೆ. ಕೊನೆಗೆ ಸಿಕ್ಕಿದ್ದು ಕಿರುಬೆರಳಿನ ಉಗುರಿನ ಮೇಲೆ ಕೂರುವಷ್ಟು. ಸೀಸೆ ಬಿಚ್ಚಿದ ದಿನ ಗಾಳಿಗೆ ಹಾರೀತೆಂದು ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದೆ. ಅದರಲ್ಲಿ ಕಂಡ ಹರಳೇ ನಮ್ಮ ಕರಿಗಲ್ಲಿನಲ್ಲೂ ಕಂಡಾಗ, ಭೂಮಿ, ಚಂದ್ರ ಒಂದೇ ಬೆಂಕಿಯಲ್ಲಿ ಹುಟ್ಟಿದವು ಎಂಬುದಕ್ಕೆ ಇದೇ ಗುರುತು ಎಂದೆ. ಇಪ್ಪತ್ತನಾಲ್ಕು ವರ್ಷದಿಂದ ಮಕ್ಕಳು ಅದನ್ನು ಪಠ್ಯದಲ್ಲಿ ಓದುತ್ತಿದ್ದಾರೆ. ಅದೆಲ್ಲ ಒಂದು ಚಮಚ ಪುಡಿಯಲ್ಲಿ ಮುಗಿಯುವ ಮಾತಲ್ಲ.

ಈ ಎರಡು ಸಾಲನ್ನು ನಿಮ್ಮ ಕೈಯಲ್ಲಿ ಬರೆದು ಸಹಿ ಮಾಡಿ ಕಳಿಸಿ: "ಆ ವರ್ಷಗಳಲ್ಲಿ ಚಂದ್ರನ ಮಣ್ಣಿನ ಸ್ಲೈಡುಗಳಿಗೆ ವಜ್ರದ ಪುಡಿಯನ್ನಷ್ಟೇ ಬಳಸಿದ್ದೇನೆ. ಕಾರ್ಬೊರಂಡಮ್ ಆ ಕೋಣೆಯಲ್ಲೇ ಇರಲಿಲ್ಲ." ನೋಟ್‌ಬುಕ್‌ಗಳನ್ನು ನನಗೆ ಕಳಿಸಿದರೂ ಸರಿ, ಒಲೆಗೆ ಹಾಕಿದರೂ ಸರಿ.

ಅಣ್ಣ ಹೋದ ಮೇಲೆ ನಿಮ್ಮನ್ನು ಕರೆತಂದು ಕೆಲಸ ಕೊಡಿಸಿದವರು ಯಾರು ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಉತ್ತರದ ನಿರೀಕ್ಷೆಯಲ್ಲಿ
ಮೈದುನ


ಏಪ್ರಿಲ್ 10

ಮೈದುನನಿಗೆ,

ನಿನ್ನ ಎರಡು ಸಾಲನ್ನು ಓದಿದೆ. ಎರಡೂ ಸುಳ್ಳು. ಅಷ್ಟು ಚಿಕ್ಕ ಜಾಗದಲ್ಲಿ ಒಂದಾದರೂ ನಿಜ ನುಸುಳದಂತೆ ನೋಡಿಕೊಂಡಿದ್ದೀಯ, ಭೇಷ್.

ಕೆಲಸ ಕೊಡಿಸಿದ್ದು ನೀನೇ. ಬಾಟಲಿ ತೊಳೆಯುವ ಕೆಲಸ. ಕಲ್ಲು ಕೊಯ್ಯಲು ಕಲಿಸಿದವರು ನನಗಿಂತ ಮುಂಚೆ ಆ ಕೋಣೆಯಲ್ಲಿದ್ದ ಮುದುಕರು. ನೀನು ಕಲಿಸಿದ್ದು ಒಂದೇ, ಸಂಸ್ಥೆಯೊಳಗೆ ನಿನ್ನನ್ನು "ಸಾರ್" ಎನ್ನಬೇಕು ಎಂಬುದು.

ಆ ದಿನ ನಿನಗೆ ಮರೆತಿರಬಹುದು. ಮಧ್ಯಾಹ್ನ ಊಟದ ಹೊತ್ತು. ನೀನು ಸೂಕ್ಷ್ಮದರ್ಶಕದ ಮುಂದೆ ಕೂತು ಕೂಗಿದೆ, "ಅತ್ತಿಗೆ, ಬನ್ನಿ ಬನ್ನಿ, ನೋಡಿ!" ಕೂಗಿದ್ದು ನನಗೆ ತೋರಿಸಬೇಕೆಂದಲ್ಲ. ಉಳಿದವರೆಲ್ಲ ಊಟಕ್ಕೆ ಹೋಗಿದ್ದರು, ತೋರಿಸಲು ಬೇರೆ ಯಾರೂ ಇರಲಿಲ್ಲ. ಕಣ್ಣಿಟ್ಟು ನೋಡಿದೆ. ನೀಲಿ ಹಸಿರಾಗಿ ಮಿನುಗುವ ಚೂಪು ಚೂರುಗಳು. ದಿನಾ ನನ್ನ ಉಗುರಿನ ಸಂದಿಯಿಂದ ತೊಳೆದುಕೊಳ್ಳುತ್ತಿದ್ದವು ಅವು. ಗುರುತು ಸಿಗದೆ ಇರುತ್ತದೆಯೇ?

"ಸಾರ್, ಇದು ಮಣ್ಣಿಂದಲ್ಲ. ನನ್ನ ಸಾಣೆಪುಡಿ," ಎಂದೆ.

ನೀನು ತಲೆ ಎತ್ತಲಿಲ್ಲ. "ಅತ್ತಿಗೆ, ಕೊಯ್ಯೋದು ನಿಮ್ಮ ಕೆಲಸ. ಓದೋದು ನನಗೆ ಬಿಡಿ."

"ಮಣ್ಣಿನ ಕಣದ ಒಳಗೆಲ್ಲೂ ಇಲ್ಲ ನೋಡಿ, ಬರೀ ಅಂಟಿನಲ್ಲಿ ಕೂತಿದೆ."

"ಒಂದು ಕಾಫಿ ಹೇಳಿ ಹೋಗ್ತೀರಾ?"

ಕಾಫಿ ಹೇಳಿ ಹೋದೆ.

ಮಣ್ಣನ್ನು ಅಂಟಿನಲ್ಲಿ ಕೂರಿಸಿ ಉಜ್ಜಿದವಳು ನಾನು. ಅಂಟು ಮೆತ್ತಗಿರುತ್ತದೆ, ಪುಡಿ ಕಚ್ಚಿಕೊಳ್ಳುತ್ತದೆ. ನಿನ್ನ ಕರಿಗಲ್ಲಿನ ತುಂಬ ತೂತು, ಅಲ್ಲೂ ಕೂರುತ್ತದೆ. ಎರಡನ್ನೂ ಒಂದೇ ವಾರದಲ್ಲಿ, ಒಂದೇ ಫಲಕದ ಮೇಲೆ ಉಜ್ಜಿದೆ. ಭೂಮಿಗೂ ಚಂದ್ರನಿಗೂ ನೀನು ಕಂಡುಹಿಡಿದ ನಂಟು ಇಷ್ಟೇ, ಇಬ್ಬರೂ ನನ್ನ ಕೈಯಿಂದ ಹಾದುಹೋದವರು.

ಆಮೇಲೆ ನೀನು ಊರೂರು ಸುತ್ತಿ ಭಾಷಣ ಮಾಡಿದೆ. ಸಂಸ್ಥೆಯಲ್ಲಿ ನೀನು ಮಾತಾಡಿದಾಗಲೆಲ್ಲ ನಾನು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ. ನೀನು ಕೋಲು ಹಿಡಿದು ಪರದೆಯ ಮೇಲೆ ನನ್ನ ಪುಡಿಯನ್ನು ತೋರಿಸುವೆ, ದೊಡ್ಡ ದೊಡ್ಡವರು ಕತ್ತು ಮುಂದೆ ಚಾಚಿ ನೋಡುವರು. ನಾಟಕ ನೋಡಿದ ಹಾಗಿರುತ್ತಿತ್ತು. ನಗು ತಡೆಯಲು ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದೆ.

ಸಹಿ ಮಾಡುವುದಿಲ್ಲ.

ಅತ್ತಿಗೆ


ಏಪ್ರಿಲ್ 19

ಅತ್ತಿಗೆಗೆ,

ನೀವು ಹೇಳಿದ ಮಾತು ನನಗೆ ನೆನಪಿಲ್ಲ. ಹೇಳಿದ್ದೀರಿ ಎಂದೇ ಇಟ್ಟುಕೊಳ್ಳೋಣ. ಒಂದು ಸಲ ಗೊಣಗಿ, ಕಾಫಿ ತರಿಸಿಕೊಟ್ಟು, ಇಪ್ಪತ್ತನಾಲ್ಕು ವರ್ಷ ಸೆರಗಿನ ಮರೆಯಲ್ಲಿ ನಕ್ಕಿರಿ. ಈಗ ನನ್ನ ಎದುರು ನಿಂತು ನಿಜದ ಮಾತಾಡುತ್ತೀರಿ.

ನನ್ನ ಕೈಕೆಳಗೆ ಒಬ್ಬಳು ಸಂಶೋಧನೆ ಮಾಡುತ್ತಿದ್ದಳು, ದಪ್ಪ ಕನ್ನಡಕದವಳು. ನೆನಪಿದೆಯೇ? ಅದೇ ಹರಳನ್ನು ಬೇರೆ ಕರಿಗಲ್ಲುಗಳಲ್ಲಿ ಹುಡುಕು ಎಂದು ನಾನು ಕೊಟ್ಟ ಕೆಲಸ. ಮೂರು ವರ್ಷ, ನಲವತ್ತೊಂದು ಸ್ಲೈಡು, ಒಂದು ಹರಳೂ ಸಿಗಲಿಲ್ಲ. ಎಲ್ಲರ ಮುಂದೆ ನಾನು ಅವಳಿಗೆ "ಮೊದ್ಲು ಕಣ್ಣು ತೋರಿಸ್ಕೊಂಡು ಬಾ" ಎಂದಾಗ ನೀವು ಹಿಂದಿನ ಸಾಲಿನಲ್ಲೇ ಇದ್ದಿರಿ. ಅವಳು ಪದವಿ ಬಿಟ್ಟು ಹೋದ ದಿನ ನಿಮ್ಮ ಕೋಣೆಗೆ ಬಂದು ಅತ್ತಳಂತೆ. ಅವಳ ನಲವತ್ತೊಂದು ಸ್ಲೈಡನ್ನೂ ಉಜ್ಜಿದ ಕೈ ಯಾರದು? ಅವು ಯಾಕೆ ಅಷ್ಟು ಶುದ್ಧವಾಗಿದ್ದವು?

ನನಗೆ ಗೊತ್ತಿರಲಿಲ್ಲ, ಅದು ದಡ್ಡತನ ಎನ್ನಿ. ನಿಮ್ಮದಕ್ಕೆ ಏನೆನ್ನಬೇಕು ಎಂದು ನೀವೇ ಹುಡುಕಿಕೊಳ್ಳಿ. ಅದಕ್ಕೆ ಸೂಕ್ಷ್ಮದರ್ಶಕ ಬೇಕಾಗುವುದಿಲ್ಲ.

ಮೈದುನ


ಜುಲೈ 27

ಮೈದುನನಿಗೆ,

ಮೂರು ತಿಂಗಳು ಉತ್ತರ ಬರೆಯಲಿಲ್ಲ. ಹುಷಾರಿರಲಿಲ್ಲ ಎಂದು ಬರೆಯಬಹುದಿತ್ತು, ನೀನು ನಂಬುತ್ತಿದ್ದೆ. ಕಾರಣ ಅದಲ್ಲ. ನಿನ್ನಂಥವನು ಹೇಳಿದರೂ ನಿಜ ನಿಜವೇ ಆಗಿರುತ್ತದೆ ಎಂದು ಒಪ್ಪಿಕೊಳ್ಳಲು ನನಗೆ ಅಷ್ಟು ದಿನ ಬೇಕಾಯಿತು.

ಅವಳ ಸ್ಲೈಡುಗಳು ಶುದ್ಧವಾಗಿದ್ದವು. ನಿನ್ನ ಭಾಷಣ ಕೇಳಿದ ಮೇಲೆ ನಾನೇ ಬೇರೆ ಫಲಕ ತರಿಸಿ, ವಜ್ರದ ಪುಡಿಯಲ್ಲೇ ಉಜ್ಜಿ, ಮೂರು ನೀರಿನಲ್ಲಿ ತೊಳೆಯುತ್ತಿದ್ದೆ. ಅವಳಿಗೆ ಹರಳು ಸಿಗದೆ ಹೋದಾಗಲೆಲ್ಲ ನಿನಗೊಂದು ಏಟು ಬಿತ್ತು ಎಂದು ಒಳಗೊಳಗೇ ಖುಷಿಪಡುತ್ತಿದ್ದೆ. ಏಟು ಬೀಳುತ್ತಿದ್ದುದು ಅವಳಿಗೆ.

ಕಳೆದ ವಾರ ಹುಡುಕಿಕೊಂಡು ಹೋದೆ. ಊರಾಚೆ, ರಸ್ತೆಗೆ ಹಾಕುವ ಜಲ್ಲಿಯ ಗಟ್ಟಿತನ ಪರೀಕ್ಷೆ ಮಾಡುವ ಕಚೇರಿ. ತಗಡಿನ ಶೆಡ್ಡು, ಒಳಗೆ ಕಬ್ಬಿಣದ ಗುಂಡುಗಳ ಜೊತೆ ಕಲ್ಲನ್ನು ಉರುಳಿಸುವ ಪೀಪಾಯಿ. ಆ ಸದ್ದಿನಲ್ಲಿ ಅವಳು ನಿಂತು ಏನೋ ಬರೆದುಕೊಳ್ಳುತ್ತಿದ್ದಳು. ತಲೆ ಅರ್ಧ ನರೆತಿದೆ. ಕನ್ನಡಕ ಇನ್ನೂ ದಪ್ಪ. ಗುರುತು ಹಿಡಿದಳು, ಯಂತ್ರ ನಿಲ್ಲಿಸಿದಳು. ಕುರ್ಚಿ ಕೊಡಲಿಲ್ಲ.

"ಏನು ಬಂದಿದ್ದು?"

"ನಿನ್ನ ನಲವತ್ತೊಂದು ಸ್ಲೈಡೂ ಸರಿಯಾಗಿದ್ವಮ್ಮ. ಅದರಲ್ಲಿ ಹರಳು ಇರ್ಲಿಲ್ಲ," ಎಂದೆ. ಎಲ್ಲ ಹೇಳಿದೆ. ಅವಳು ಬರೆಯುತ್ತಿದ್ದ ಹಾಳೆಯನ್ನು ಮಡಚಿಟ್ಟಳು.

"ಇರ್ಲಿಲ್ಲ ಅಂತ ನನಗೆ ಗೊತ್ತಿತ್ತು. ಮೂರು ವರ್ಷ ನೋಡಿದೋಳು ನಾನೇ ಅಲ್ವಾ?" ಎಂದಳು ಕೊನೆಗೆ. "ನಿಮಗೂ ಗೊತ್ತಿತ್ತು ಅನ್ನೋದು ಗೊತ್ತಿರ್ಲಿಲ್ಲ."

ನೋಟ್‌ಬುಕ್‌ಗಳ ಚೀಲವನ್ನು ಅವಳ ಮೇಜಿನ ಮೇಲಿಟ್ಟೆ. ಮುಟ್ಟಲಿಲ್ಲ.

"ನನಗ್ಯಾಕೆ ಇದು? ಕೇಳಿದೋರಿಗೆ ಕಳ್ಸಿ. ನಾನು ಅವತ್ತು ನಿಮ್ಮ ಕೋಣೇಲಿ ಅತ್ತಾಗ ಟೀ ಕುಡಿಸಿ, ಬೆನ್ನು ಸವರಿ ಕಳಿಸಿದ್ರಿ. ಅದನ್ನ ಇಷ್ಟು ವರ್ಷ ಒಳ್ಳೇತನ ಅಂದ್ಕೊಂಡಿದ್ದೆ." ಯಂತ್ರದ ಸ್ವಿಚ್ಚಿಗೆ ಕೈ ಹಾಕಿದಳು. "ಅವರು, ನೀವು, ಒಂದೇ ಮನೆಯೋರು ಬಿಡಿ."

ಯಂತ್ರ ಶುರುವಾಯಿತು. ಬಂದ ದಾರಿಯಲ್ಲೇ ಬಂದೆ.

ಮರುದಿನ ಹದಿನಾಲ್ಕೂ ನೋಟ್‌ಬುಕ್‌ಗಳನ್ನು ಬಟ್ಟೆಯಲ್ಲಿ ಸುತ್ತಿ ಹೊಲಿದು ಆ ದೂರದ ಪ್ರಯೋಗಾಲಯಕ್ಕೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಯಾವ ಸ್ಲೈಡಿಗೆ ಯಾವ ಪುಡಿ ಎಂಬುದು ಅವುಗಳಲ್ಲಿದೆ. ಆ ಮಧ್ಯಾಹ್ನ ನಿನಗೆ ನಾನು ಹೇಳಿದ ಮಾತು ಅವುಗಳಲ್ಲಿಲ್ಲ. ಮಾತುಗಳನ್ನು ಬರೆದಿಡುವ ಅಭ್ಯಾಸ ನನಗಿರಲಿಲ್ಲ.

ಅತ್ತಿಗೆ


ಸೆಪ್ಟೆಂಬರ್ 5

ಅತ್ತಿಗೆಗೆ,

ನೋಟ್‌ಬುಕ್ ತಲುಪಿವೆ. ಆ ಪ್ರಯೋಗಾಲಯದಾಕೆ ಪುಟಗಳ ಚಿತ್ರಗಳನ್ನು ನಮ್ಮ ಸಂಸ್ಥೆಯ ನಿರ್ದೇಶಕರಿಗೂ ಅಂದು ನನ್ನ ಸಂಶೋಧನೆ ಅಚ್ಚಾಗಿದ್ದ ಪತ್ರಿಕೆಯ ಸಂಪಾದಕರಿಗೂ ಕಳಿಸಿದ್ದಾಳೆ. ಪದಕದ ವಿಷಯ ಈಗ ಯಾರೂ ಎತ್ತುವುದಿಲ್ಲ. ಸಭಾಂಗಣದ ಬಾಗಿಲ ಮೇಲಿನ ಹೆಸರಿಗೆ ಬಟ್ಟೆ ಹೊದಿಸಿದ್ದಾರೆ. ಬಣ್ಣ ಬಳಿಯುವುದು ಬಾಕಿ ಇದೆ ಎಂದು ಬಂದವರಿಗೆ ಹೇಳುತ್ತಾರಂತೆ. ನಿಮಗೆ ಸಮಾಧಾನವಾಗಿರಬೇಕು.

ಸಂಶೋಧನೆಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಪತ್ರಿಕೆಗೆ ಕೊಟ್ಟ ಬರಹದ ಮುಖ್ಯ ಸಾಲು ಇದು: "ಕಲ್ಲು ಕೊಯ್ಯುವ ಕೋಣೆಯ ಕೆಲಸಗಾರರ ಅಜಾಗರೂಕತೆಯಿಂದ ಸ್ಲೈಡುಗಳಲ್ಲಿ ಸಾಣೆಪುಡಿ ಸೇರಿದ್ದು ಆಗ ಸಂಶೋಧಕರ ಗಮನಕ್ಕೆ ಬಂದಿರಲಿಲ್ಲ." ಇದರಲ್ಲಿ ಸುಳ್ಳು ಏನಿದೆ? ಪುಡಿ ನಿಮ್ಮದು. ಗಮನ ನನ್ನದು. ಅದು ಬಂದಿರಲಿಲ್ಲ.

ಮೈದುನ


ಸೆಪ್ಟೆಂಬರ್ 14

ಮೈದುನನಿಗೆ,

ಮುಳುಗುವಾಗಲೂ ಇನ್ನೊಬ್ಬರ ತಲೆ ಮೇಲೆ ಕಾಲಿಟ್ಟು ನಿಲ್ಲುವುದನ್ನು ನೀನು ಮರೆಯುವುದಿಲ್ಲ.

ಇರಲಿ. ನಾನು ತಕರಾರು ತೆಗೆಯುವುದಿಲ್ಲ. ನನಗೆ ಅರವತ್ತೇಳು, ನನ್ನ ಹೆಸರಿಗೆ ಮಸಿ ಬಳಿದರೆ ಕೆಳಗಿನ ದರ್ಜಿ ಅಂಗಡಿಯವನೂ ಕೇಳುವುದಿಲ್ಲ. ಬದಲಿಗೆ ನೀನು ಒಂದು ಸಾಲು ಸೇರಿಸಬೇಕು. ಅವಳ ನಲವತ್ತೊಂದು ಸ್ಲೈಡುಗಳು ಶುದ್ಧವಾಗಿದ್ದವು, ಹರಳು ಇಲ್ಲ ಎಂದು ಅವಳು ಕೊಟ್ಟ ವರದಿಯೇ ಸರಿ, ಅದನ್ನು ತಳ್ಳಿಹಾಕಿದ್ದು ನಿನ್ನ ತಪ್ಪು. ಅವಳ ಹೆಸರನ್ನು ಪೂರ್ತಿ ಬರೆಯಬೇಕು. ಆ ವರ್ಷಗಳಲ್ಲಿ ನಿಮ್ಮ ವಿಭಾಗದಿಂದ ಹೊರಬಿದ್ದ ಒಂದೇ ಒಂದು ಸರಿಯಾದ ಉತ್ತರ ಅವಳದು. ಅದನ್ನೇ ನೀನು ಬಾಗಿಲಾಚೆ ಹಾಕಿದೆ.

ಸೇರಿಸು. ನನ್ನ ಮೇಲೆ ತಪ್ಪು ಹೊರಿಸಿದ ಸಾಲು ಹಾಗೇ ಇರಲಿ.

ಅತ್ತಿಗೆ


ಅಕ್ಟೋಬರ್ 8

ಅತ್ತಿಗೆಗೆ,

ಸೇರಿಸಿದ್ದೇನೆ. ಅಚ್ಚಿಗೆ ಹೋಗುವ ಕರಡು ಜೊತೆಗಿದೆ. ಡಿಸೆಂಬರ್ ಸಂಚಿಕೆಯಲ್ಲಿ ಬರುತ್ತದೆ. ಆ ಸಾಲು ಬರೆಯಲು ನಾಲ್ಕು ದಿನ ಹಿಡಿಯಿತು. ಬರೆದಾದ ಮೇಲೆ ಅವಳ ಹಳೆಯ ವರದಿಯನ್ನು ತರಿಸಿ ಮೊದಲ ಸಲ ಪೂರ್ತಿ ಓದಿದೆ. ಚೆನ್ನಾಗಿ ಬರೆದಿದ್ದಾಳೆ. ನನಗಿಂತ ಚೆನ್ನಾಗಿ ಎಂದು ನೀವು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ನಿಮ್ಮ ಮೇಲಿನ ಸಾಲನ್ನು ತೆಗೆದಿಲ್ಲ. ನೀವೇ ಒಪ್ಪಿದ್ದೀರಿ. ನನಗೂ ಎಲ್ಲಾದರೂ ಕಾಲೂರಲು ಒಂದಿಷ್ಟು ನೆಲ ಬೇಕು.

ಮೈದುನ


ಅಕ್ಟೋಬರ್ 30

ಮೈದುನನಿಗೆ,

ನಮ್ಮಿಬ್ಬರ ಒಪ್ಪಂದವನ್ನೂ ಬರೆದು, ನಿನ್ನ ಕರಡನ್ನು ಅವಳಿಗೆ ಅಂಚೆಯಲ್ಲಿ ಕಳಿಸಿದ್ದೆ. ಒಳ್ಳೆಯ ಕೆಲಸ ಮಾಡಿದೆ ಎಂಬ ಹೆಮ್ಮೆಯೂ ಇತ್ತು. ನಿನ್ನೆ ವಾಪಸ್ಸು ಬಂತು. ನನ್ನ ಮೇಲೆ ತಪ್ಪು ಹೊರಿಸಿದ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೀಟು ಎಳೆದು, ಅಂಚಿನಲ್ಲಿ ಬರೆದಿದ್ದಾಳೆ:

"ನನ್ನ ಬಗ್ಗೆ ಬರೆದದ್ದು ನಿಜ. ಅದರ ಮೇಲಿನದು ಸುಳ್ಳು. ಸುಳ್ಳಿಗೆ ಬದಲಾಗಿ ಕೊಂಡ ನಿಜ ನನಗೆ ಬೇಡ. ನೀವು ಆಗಲೂ ಸುಮ್ಮನಿದ್ದಿರಿ, ಈಗಲೂ ಸುಮ್ಮನಿದ್ದೀರಿ. ಈ ಸಲ ಅದಕ್ಕೆ ತ್ಯಾಗ ಅಂತ ಹೆಸರಿಟ್ಟಿದ್ದೀರಿ."

ಓದಿ ಕೆನ್ನೆ ಉರಿಯಿತು. ನಿನ್ನನ್ನು ಇಷ್ಟು ವರ್ಷ ಕೀಳಾಗಿ ಕಂಡೆ, ಈಗಲೂ ಕಾಣುತ್ತೇನೆ, ಆ ವಿಷಯದಲ್ಲಿ ಬದಲಾವಣೆ ಏನಿಲ್ಲ. ಆದರೆ ಅವಳು ನನ್ನನ್ನು ನೋಡುವ ಕಣ್ಣಿನಿಂದ ನನ್ನನ್ನು ನಾನೇ ನೋಡಿಕೊಂಡೆ. ನಿನಗಿಂತ ಎತ್ತರದಲ್ಲಿ ನಿಂತಿದ್ದೇನೆ ಎಂದುಕೊಂಡಿದ್ದ ಜಾಗ ಅಷ್ಟೇನೂ ಎತ್ತರವಿರಲಿಲ್ಲ.

ಆದ್ದರಿಂದ ಕೊಟ್ಟ ಒಪ್ಪಿಗೆಯನ್ನು ವಾಪಸ್ಸು ತೆಗೆದುಕೊಂಡಿದ್ದೇನೆ. ಸಂಪಾದಕರಿಗೆ ಇವತ್ತು ಬೆಳಿಗ್ಗೆ ಪತ್ರ ಹಾಕಿದೆ. ಪುಡಿ ಸೇರಿದೆ ಎಂದು ಆ ದಿನವೇ ಸಂಶೋಧಕರಿಗೆ ಹೇಳಿದೆ, ಅವರು ಕೇಳಲಿಲ್ಲ, ಆಮೇಲೆ ನಾನು ಬಾಯಿ ಮುಚ್ಚಿಕೊಂಡೆ, ಅದರಿಂದ ಒಬ್ಬಳ ಓದು ಹಾಳಾಯಿತು ಎಂದು ಬರೆದಿದ್ದೇನೆ. ನಿನ್ನದು ಎಷ್ಟೋ ಅಷ್ಟು, ನನ್ನದು ಎಷ್ಟೋ ಅಷ್ಟು. ನನ್ನ ಹತ್ತಿರ ಸಾಕ್ಷಿ ಇಲ್ಲ ಎಂಬುದನ್ನೂ ಬರೆದಿದ್ದೇನೆ. ನೀನು ಅಲ್ಲಗಳೆದರೆ ಜನ ನಿನ್ನ ಮಾತನ್ನೇ ನಂಬಬಹುದು. ನೀನು ಓದಿದವನು, ನಾನು ಕೊಯ್ದವಳು. ಹೇಗೂ ನಿನ್ನನ್ನು ಕೇಳುತ್ತಾರೆ. ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು.

ನನಗೆ ಉತ್ತರ ಬರೆಯಬೇಡ, ಓದುವುದಿಲ್ಲ. ಬರೆಯುವುದಿದ್ದರೆ ಅವಳಿಗೆ ಬರೆ. ಕಚೇರಿಯ ವಿಳಾಸ ಹಿಂಬದಿಯಲ್ಲಿದೆ. ಶೆಡ್ಡಿನಲ್ಲಿ ಸದ್ದು ಜಾಸ್ತಿ, ಫೋನು ಮಾಡಿದರೆ ಕೇಳಿಸುವುದಿಲ್ಲ. ನೀನೇ ಹೋಗಬೇಕಾಗುತ್ತದೆ.

ಅತ್ತಿಗೆ